ಐದು ಮನೆಯ ಬಟ್ಟೆ

"ಕೈ ಮ್ಯಾಲ ಎತ್ತ, ನನ್ನ ಬಂಗಾರಾ," ಎಂದು ಅಕ್ಕುತಾಯಿ ಮತ್ತೊಮ್ಮೆ ಹೇಳಿದಳು. ಮೂರು ವರ್ಷದ ಮಾಲಾ ಕೈ ಎತ್ತಲಿಲ್ಲ. ಫ್ರಾಕಿನ ಅಂಚು ಹಿಡಿದು ಒಳಗೆ ಇಣುಕಿ, "ಯವ್ವಾ, ಇದರಾಗ ಎಷ್ಟ ಅಂಗಿ ಅದಾವ?" ಎಂದು ಕೇಳಿದಳು.

ಕೂಸು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಎದೆಗೆ ಹಳದಿ, ತೋಳಿಗೆ ಕೆಂಪು ಚೌಕಡಿ, ಕೆಳಗಿನ ಘೇರಿಗೆ ನೀಲಿ, ಹಸಿರು, ಬಿಳಿ ಪಟ್ಟೆ. ಎಲ್ಲವೂ ಬೋರಗಾಂವದ ಪವರ್‌ಲೂಮಿನಲ್ಲಿ ಬಟ್ಟೆಯ ಥಾನು ಮುಗಿದ ಮೇಲೆ ಉಳಿಯುವ ತುಂಡುಗಳು. ಗಂಡ ಜ್ಞಾನದೇವ ಅಲ್ಲಿಯೇ ಮಗ್ಗ ನಡೆಸುತ್ತಿದ್ದ. ಮಾಲೀಕರನ್ನು ಕೇಳಿ, ಪಾಳಿ ಮುಗಿಸಿ ಬರುವಾಗ ಚೀಲದಲ್ಲಿ ತುಂಬಿ ತಂದಿದ್ದ.

ಎಂಬತ್ತಾರನೆಯ ಇಸವಿಯ ಆ ಬೇಸಿಗೆಯವರೆಗೆ ಆ ಮನೆಯ ಹೆಂಗಸರ ಕೆಲಸವೆಂದರೆ ಬೀಡಿ ಕಟ್ಟುವುದು. ಅತ್ತೆ ಕೆಂಚವ್ವನೂ ಸೊಸೆಯೂ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕೂತರೆ ತಂಬಾಕಿನ ಘಾಟು ತೊಲೆಯವರೆಗೆ ಏರುತ್ತಿತ್ತು. ಮಾಲಾ ಕೆಮ್ಮುತ್ತಿದ್ದಳು. ಅವಳಿಗಿಂತ ಮೊದಲು ಹುಟ್ಟಿದ ಗಂಡುಕೂಸೂ ಹೀಗೇ ಕೆಮ್ಮುತ್ತಿತ್ತು. ವರ್ಷ ತುಂಬುವ ಮೊದಲೇ ಹೋಯಿತು. ಯಾವುದರಿಂದ ಹೋಯಿತೋ ಕೊಟ್ಟವನೊಬ್ಬನೇ ಬಲ್ಲ. ಆದರೆ ಅಕ್ಕುತಾಯಿ ತವರಿನಿಂದ ಅವ್ವನ ಹಳೆಯ ಹೊಲಿಗೆ ಮಷೀನು ತರಿಸಿ, "ಇನ್ನ ಮನ್ಯಾಗ ತಂಬಾಕ ಬ್ಯಾಡ್ರಿ, ಅತ್ತಿ," ಎಂದಳು.

ಕೆಂಚವ್ವ ಮೊರವನ್ನು ಗೋಡೆಗೆ ಒರಗಿಸಿಟ್ಟು, "ಪಂಚಮಿ ತನಕ ನೋಡೂಣು," ಎಂದಳು. "ನಡದ್ರ ನಡೀತು. ಇಲ್ಲಂದ್ರ ನಾ ಮತ್ತ ಮೊರ ತಗೀತೀನಿ. ಹೊಟ್ಟಿ ಕೇಳಬೇಕಲ್ಲ?"

ಫ್ರಾಕು ಹೊಲಿಯುವ ವಿದ್ಯೆಯನ್ನು ಅಕ್ಕುತಾಯಿ ಕಲಿತದ್ದು ನಿಪ್ಪಾಣಿಯ ಧನಪಾಲರ ಬಟ್ಟೆ ಅಂಗಡಿಯಲ್ಲಿ, ತೂಗುಹಾಕಿದ್ದ ಒಂದನ್ನು ಒಳಹೊರಗು ಮಾಡಿ ನೋಡಿ. ಧನಪಾಲ ನಕ್ಕಿದ್ದರು. "ಮಂದಿ ಅಂಗೀ ಮಾರಿ ನೋಡ್ತಾರ. ನೀವ ಹೊಟ್ಟೀನ ಹೊಳ್ಳಸಿ ನೋಡಾಕತ್ತೀರಲ್ರೀ ಬಾಯಿ!"

"ನೆರಿಗಿ ಎಲ್ಲಿ ಕೂಡ್ಯಾವ ನೋಡಾಕತ್ತೀನ್ರಿ."

"ನೋಡಿ?"

"ಹೊಲೀತೀನ್ರಿ."

"ಹೊಲೀರಿ. ನಿಮ್ಮ ಓಣ್ಯಾಗ ಒಬ್ಬ ಹೆಣಮಗಳರ ತಾನಾಗಿ ಬಂದ, ನಮ್ಮ ಕೂಸಿಗೂ ಹೊಲದ ಕೊಡು ಅಂತ ಕೇಳಲಿ. ಆಮ್ಯಾಲ ನನಗೂ ತೋರಸ್ರಿ."

ಆ ಮಾತನ್ನು ಅವಳು ತಲೆಯಲ್ಲಿಟ್ಟುಕೊಂಡೇ ಹೊಲಿದಳು. ಕೆಲಸ ಸರಾಗವಾಗಿ ನಡೆಯುತ್ತಿದ್ದುದು ಮಾಲಾ ಮಲಗಿದಾಗ. ಎದ್ದಿದ್ದರೆ ಮಷೀನಿನ ಅಡಿಯೇ ಅವಳ ಮನೆ. ಉದುರಿದ ದಾರವನ್ನೆಲ್ಲ ಆಯ್ದು ಬಟ್ಟಲಿಗೆ ತುಂಬಿ, "ಮಷೀನಾ, ಊಟಾ ಮಾಡ," ಎಂದು ಪೆಡಲಿನ ಮುಂದೆ ಇಡುತ್ತಿದ್ದಳು. ಒಂದು ಕಾಲಿನಿಂದ ಕೂಸನ್ನು ಅತ್ತ ಸರಿಸುತ್ತ, ಇನ್ನೊಂದರಿಂದ ತುಳಿಯುತ್ತ ಮುಗಿಸಿದ ಫ್ರಾಕು ಇದು.

ಕೊನೆಗೂ ಮಾಲಾ ಕೈ ಎತ್ತಿದಳು. ತೊಟ್ಟವಳೇ ಓಣಿಗೆ ಓಡಿದಳು. ಅಕ್ಕುತಾಯಿ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಕೊಡ ಹೊತ್ತ ಹೆಂಗಸರು ನಿಂತರು. ಒಬ್ಬಳು ಕೂಸಿನ ಕೆನ್ನೆ ಸವರಿ ಲಟಿಕೆ ಮುರಿದಳು. ಆದರೆ ಯಾರೂ ನಗಲಿಲ್ಲ, ಎಲ್ಲಿಂದ ತಂದದ್ದೆಂದು ಕೇಳಲಿಲ್ಲ. ಇದೇನು ಹೀಗೆ ಎನ್ನಿಸಿತು ಅವಳಿಗೆ.

ಹೊತ್ತು ಇಳಿಯುವಾಗ ಎದುರು ಮನೆಯ ತುಳಸವ್ವ ಬಂದಳು. ಸೆರಗಿನೊಳಗಿಂದ ಹಸಿರು ಸೀರೆಯ ಒಂದು ತುಂಡು ತೆಗೆದು ಅಕ್ಕುತಾಯಿಯ ಕೈಯಲ್ಲಿಟ್ಟಳು.

"ಇದೇನ್ರಿ, ಕಾಕು?"

"ಇರಲಿ, ಹಚ್ಚ. ಎದರ ಮನ್ಯಾಕಿ ನಾ, ಮೊದಲ ನನ್ನ ಹಂತ್ಯಾಕ ಬರಬೇಕಿಲ್ಲೇನ? ಕೂಸಿನ ಕೆಮ್ಮ ಅಷ್ಟ ಜೋರ ಆಗೇತೇನ?"

ಆಗ ಅಕ್ಕುತಾಯಿಗೆ ತಿಳಿಯಿತು. ಮಕ್ಕಳು ಉಳಿಯದ ಮನೆಯಲ್ಲಿ ತಾಯಿ ಐದು ಮನೆಗೆ ಹೋಗಿ ಬಟ್ಟೆ ಬೇಡುತ್ತಾಳೆ. ಬೇಡಿದ್ದನ್ನು ಕೂಡಿಸಿ ಅಂಗಿ ಹೊಲಿದು ಉಳಿದ ಕೂಸಿಗೆ ತೊಡಿಸುತ್ತಾಳೆ. ಇದು ಯಾರ ಕೂಸೋ, ಊರ ಕೂಸು ಎಂದು ಸಾವು ದಾಟಿ ಹೋಗಲಿ ಎಂಬ ಹರಕೆ. ಓಣಿಯ ಕಣ್ಣಿಗೆ ಮಾಲಾಳ ಫ್ರಾಕು ಕಂಡದ್ದು ಹಾಗೆ. ಅಲ್ಲವೆನ್ನಲು ಬಾಯಿ ತೆರೆದಳು. ತುಳಸವ್ವನ ಕಣ್ಣು ತುಂಬಿದ್ದನ್ನು ನೋಡಿ ತುಂಡನ್ನು ಮಡಚಿಟ್ಟುಕೊಂಡಳು.

ಮರುದಿನ ಇನ್ನಷ್ಟು ಜನ ಬಂದರು. ಕುಪ್ಪಸದ ತೋಳು, ಧೋತರದ ಅಂಚು. ಪಡಸಾಲೆಯಲ್ಲಿ ಗುಡ್ಡೆಯಾಯಿತು.

"ನಾ ಬೇಡಿಲ್ರಿ ಅತ್ತಿ. ಅದು ಫ್ಯಾಶನ್ನು."

"ನಿನ್ನ ಫ್ಯಾಶನ್ನ ಮಂದಿಗೆ ಹರಕಿ ಆಗಿ ಕಂಡೈತಿ," ಎಂದಳು ಕೆಂಚವ್ವ. "ಇನ್ನ ಗಟ್ಟಿಮುಟ್ಟ ಇರೂ ಕೂಸಿಗೆ ಇಂಥಾ ಅಂಗಿ ಯಾ ತಾಯಿ ತೊಡಸ್ಯಾಳ? ಕೆಟ್ಟದ್ದನ್ನ ಕರದ ಕೂಡ್ರಿಸಿಕೊಂಡಂಗ."

"ಹೊಳ್ಳಿ ಕೊಡ್ಲೇನ್ರಿ ಇವನ್ನ?"

"ಕೂಸಿನ ಆಯುಷ್ಯಕ್ಕಂತ ಕೊಟ್ಟದ್ದ ಹೊಳ್ಳಿ ಕೊಡ್ತಾರೇನ, ಹುಚ್ಚಿ?" ಎಂದ ಕೆಂಚವ್ವನ ದನಿ ಮೆತ್ತಗಾಗಿತ್ತು. ಸೊಸೆಯ ಮುಖವನ್ನೊಮ್ಮೆ ನೋಡಿದಳು. "ಬೇಡಾಕ ಹೋಗದನ ಬಂದೈತಿ. ಕಣ್ಣಿಗೆ ಒತಗೊಂಡ ಇಟಗೋ."

ಇಟ್ಟುಕೊಳ್ಳಬಹುದು. ಆದರೆ ಸುಳ್ಳಿನ ಮೇಲೆ ಇಟ್ಟುಕೊಳ್ಳುವುದು ಅಕ್ಕುತಾಯಿಗೆ ಆಗಲಿಲ್ಲ. ಮಾರನೆಯ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದು, ಮಾಲಾಳನ್ನು ಸೊಂಟಕ್ಕೇರಿಸಿಕೊಂಡು ನೇರ ಎದುರು ಮನೆಗೆ ಹೋದಳು. ತುಳಸವ್ವ ಜೋಳ ಹಸನು ಮಾಡುತ್ತಿದ್ದಳು.

"ಕಾಕು, ನಾ ಹರಕಿ ಹೊತ್ತಿಲ್ರಿ. ಹೊಲದ ಬದಕಬೇಕಂತ ಮಾಡೀನಿ. ಅದಕ ಒಂದ ಹೊಲದ ನೋಡಿದ್ನಿ. ನೀವ ಬಂದಾಗನ ಹೇಳಬೇಕಿತ್ತು, ಬಾಯಿ ಬರಲಿಲ್ಲ."

ತುಳಸವ್ವನ ಕೈ ನಿಂತಿತು. "ಅಂದ್ರ ನನ್ನ ಸೀರಿ?"

"ಮಾಲಾನ ಮೈಮ್ಯಾಲನ ಇರತೈತ್ರಿ. ದೇವರಾಣಿ, ಮಾರೂದಿಲ್ಲ."

"ನಿಮ್ಮ ಕಾಕಾ ಇದ್ದಾಗ ತಂದದ್ದದು. ಸೊಸಿ ಕೇಳಿದ್ರ ಸೈತ ಕೊಟ್ಟಿದ್ದಿಲ್ಲ ನಾ. ನಿನ್ನ ಫ್ಯಾಶನ್ನಿಗೆ ಹರದ ಕೊಟ್ಟಂಗಾತು!" ತುಳಸವ್ವ ಮತ್ತೆ ಜೋಳದ ಕಡೆ ಬಾಗಿದಳು. ಅಕ್ಕುತಾಯಿ ಹೋಗಲಾರದೆ, ನಿಲ್ಲಲಾರದೆ ಕಂಬ ಹಿಡಿದಳು.

ಮಾಲಾಳನ್ನು ಕಂಡು ಒಳಗಿನಿಂದ ತುಳಸವ್ವನ ಮೊಮ್ಮಗಳು ಸುಮನ ಬಂದಳು. ಫ್ರಾಕಿನ ಒಂದೊಂದೇ ಬಣ್ಣದ ಮೇಲೆ ಬೆರಳಿಟ್ಟಳು. "ಆಯಿ, ನನಗೂ ಇಂಥಾದ್ದು."

"ಬಾಯಿ ಮುಚ್ಚ! ಮೊನ್ನಿಯಿಂದ ಒಂದ ಸಮನ ಅದಕ್ಕನ ಅಳತೈತಿ ಇದು. ಗುಂಡಕಲ್ಲಿನಂಗ ಇದ್ದಿ, ಬೇಡಿದ ಬಟ್ಟಿ ತೊಡತಿಯೇನ?"

ಅಕ್ಕುತಾಯಿ ಮೆಲ್ಲಗೆ ಕೇಳಿದಳು: "ಕಾಕು, ಎಲ್ಲಾ ತುಂಡೂ ಒಂದ ಮನ್ಯಾನವ ಆದ್ರ?"

"ಅಂದ್ರ?"

"ಕೂಸಿನ ಸ್ವಂತ ಮನ್ಯಾನವ. ಆಯೀದೊಂದ, ಅವ್ವಂದೊಂದ, ಅಪ್ಪಂದೊಂದ. ಆಗೂ ಬೇಡಿದ್ದ ಆಗತೈತೇನ್ರಿ?"

ತುಳಸವ್ವ ಮೊರ ಬದಿಗಿಟ್ಟು ಮಾಲಾಳನ್ನು ಹತ್ತಿರ ಕರೆದು, ಫ್ರಾಕಿನ ಅಂಚನ್ನು ತಿರುವಿ, ಎರಡು ಬಣ್ಣ ಕೂಡುವಲ್ಲಿ ಕಣ್ಣು ಸಣ್ಣದು ಮಾಡಿ ನೋಡಿದಳು.

"ಬೇಡಿದ್ದ ಹ್ಯಾಂಗ ಆದೀತು?" ಎಂದಳು ಕೊನೆಗೆ, ತನಗೆ ತಾನೇ. ಆಮೇಲೆ ಗಟ್ಟಿಯಾಗಿ, "ಪುಕ್ಕಟ ಬ್ಯಾಡ. ಮಂದಿಗೆ ಏನ ತಗೋತೀಯೋ ಅದನ್ನ ತಗೋ. ಕತ್ತರಿ ತಗೊಂಬಾ ಹೋಗ."

ಅಕ್ಕುತಾಯಿ ಕತ್ತರಿ ತರುವಷ್ಟರಲ್ಲಿ ಟ್ರಂಕು ತೆರೆದಿತ್ತು. ಸೊಸೆಯ ಕುಪ್ಪಸದ ಬಟ್ಟೆ, ಮಗನ ಅಂಗಿ ಹೊರಗೆ ಬಂದವು. ಎಲ್ಲದರ ಕೆಳಗಿಂದ ತುಳಸವ್ವ ಗುಲಾಬಿ ಬಣ್ಣದ ಒಂದು ರುಮಾಲು ತೆಗೆದಳು. ಗಂಡ ತಲೆಗೆ ಸುತ್ತುತ್ತಿದ್ದದ್ದು. ಅವನು ಹೋದ ಮೇಲೆ ಯಾರೂ ಬಿಚ್ಚಿರಲಿಲ್ಲ.

"ಇದರದ ತೋಳ ಮಾಡ. ಉಬ್ಬಿಸಿ ಮಾಡ್ತಾರಲ್ಲ, ಹಂಗ."

ತುದಿಯನ್ನು ಸುಮನಳ ಕೈಗೆ ಕೊಟ್ಟಳು. ಹುಡುಗಿ ಹಿಂದೆ ಹಿಂದೆ ಸರಿಯತೊಡಗಿದಳು. ಮಾಲಾ ನಡುವೆ ಹಿಡಿದುಕೊಂಡಳು. ಪದರು ಪದರಾಗಿ ಬಿಚ್ಚುತ್ತ ರುಮಾಲು ಪಡಸಾಲೆ ದಾಟಿತು, ಹೊಸ್ತಿಲು ದಾಟಿತು. ಓಣಿಯ ಹೆಂಗಸರು ಕೊಡ ಇಳಿಸಿ ನಿಂತರು.

"ಎಲ್ಲಿ ಹಚ್ಚಲಿ ಕತ್ತರಿ, ಕಾಕು?"

ತುಳಸವ್ವ ತನ್ನ ಕೈಯಲ್ಲುಳಿದ ಪದರನ್ನು ನೋಡುತ್ತಿದ್ದಳು. ಹೊರಗಿನ ಬಿಸಿಲಿನಿಂದ ಸುಮನಳ ದನಿ ಬಂತು:

"ಆಯೀ, ಇನ್ನೂ ಐತೇನ?"

"ಐತಿ," ಎಂದಳು ತುಳಸವ್ವ. "ಹಿಡಕೊಂಡ ನಿಂದರ."