ಎತ್ತಿಟ್ಟ ಅನ್ನ

ಫೋನು ಬರಬೇಕಾದದ್ದು ಮೂರು ಗಂಟೆಗೆ. ಹಾನ್ ಸಾಹೇಬರು ಎರಡೂವರೆಗೇ ಕೂಲರ್ ಆರಿಸಿಬಿಟ್ಟರು, ಅದರ ಗದ್ದಲದಲ್ಲಿ ಸ್ಫೂರ್ತಿಗೆ ಮಾತು ಕೇಳಿಸದೆ ಹೋದೀತೆಂದು. ಜುಲೈ ತಿಂಗಳ ದಿಲ್ಲಿ, ಹೌಜ್ ಖಾಸ್ ಹಳ್ಳಿಯ ಮೂರನೇ ಮಹಡಿಯ ಬರ್ಸಾತಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಕಾದ ಸೂರಿನ ಕೆಳಗೆ ಇಬ್ಬರೂ ಬೇಯುತ್ತ ಕೂತರು.

ಎಪ್ಪತ್ನಾಲ್ಕು ವರ್ಷದ ಹಾನ್ ಯೊಂಗ್‌ಗಿಲ್ ಈ ದೇಶಕ್ಕೆ ಬಂದು ಐವತ್ತೊಂದು ವರ್ಷವಾಗಿತ್ತು. ಓಣಿಯವರಿಗೆ ಈಗಲೂ ಅವರು ‘ಚೀನೀ ಸಾಬ್’. ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗಿದ್ದರು. ಊರು ಕೊರಿಯಾದ ಉತ್ತರಕ್ಕೆ. ಹತ್ತೊಂಬತ್ತಕ್ಕೇ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ಅಟ್ಟಿದರು, ಎದುರಿನವರ ಕೈಗೆ ಸೆರೆ ಸಿಕ್ಕರು. ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಉತ್ತರಕ್ಕೋ ದಕ್ಷಿಣಕ್ಕೋ ಎಂದು ಕೇಳಿದರು. ಎರಡೂ ಬೇಡ ಅಂದ ಎಂಬತ್ತು ಚಿಲ್ಲರೆ ಜನರನ್ನು ಕಾವಲಿಗಿದ್ದ ಭಾರತದ ಸೈನಿಕರು ಹಡಗು ಹತ್ತಿಸಿ ಮದ್ರಾಸಿಗೆ ತಂದರು. ಹೆಚ್ಚಿನವರು ಮುಂದೆ ಬ್ರೆಜಿಲ್, ಅರ್ಜೆಂಟೀನಾ ಅಂತ ಹೊರಟುಹೋದರು. ಇವರು ದಿಲ್ಲಿಯ ಅಂಚಿನಲ್ಲಿ ಕೋಳಿ ಸಾಕಿಕೊಂಡು ಉಳಿದರು. ಈಚೆಗೆ ನೋಯ್ಡಾದ ಕಾರ್ಖಾನೆಗಳಿಗೆ ಬಂದಿರುವ ಕೊರಿಯನ್ನರು ಇವರನ್ನು ಕಂಡರೆ ಬಾಗಿ ನಮಸ್ಕರಿಸುತ್ತಾರೆ, ಎರಡನೇ ಮಾತಿಗೆ ಗಡಿಯಾರ ನೋಡಿಕೊಳ್ಳುತ್ತಾರೆ. ಎರಡೂ ಬೇಡ ಅಂದವನನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು, ನೀವೇ ಹೇಳಿ.

ಸ್ಫೂರ್ತಿ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಹುಡುಗಿ, ಕೊರಿಯನ್ ಭಾಷೆಯಲ್ಲಿ ಎಂ.ಎ. ಓದುತ್ತಿದ್ದವಳು. ಮಾತು ರೂಢಿಯಾಗಲಿ ಎಂದು ಸಾಹೇಬರ ಹತ್ತಿರ ಬರತೊಡಗಿ, ವರ್ಷ ಕಳೆಯುವುದರೊಳಗೆ ಮೊಮ್ಮಗಳೇ ಆಗಿಬಿಟ್ಟಿದ್ದಳು.

ಸಾಹೇಬರಿಗೆ ಬೇಕಾಗಿದ್ದದ್ದು ಒಂದೇ: ತಾಯಿ ಸತ್ತ ದಿನ. ಅವರಲ್ಲೂ ನಮ್ಮ ಹಾಗೇ ಚಾಂದ್ರಮಾನದ ದಿನ ನೋಡಿ ಸತ್ತವರಿಗೆ ಅನ್ನ ಇಡುತ್ತಾರೆ. ದಿನ ಗೊತ್ತಿಲ್ಲದಿದ್ದರೆ ಒಂಬತ್ತನೇ ತಿಂಗಳ ಒಂಬತ್ತಕ್ಕೆ. ತಾಯಿ ಇನ್ನು ಇರಲಾರಳು ಎಂದು ತಾವೇ ತೀರ್ಮಾನಿಸಿ, ಇಪ್ಪತ್ತು ವರ್ಷದಿಂದ ಸಾಹೇಬರು ಆ ದಿನ ಒಬ್ಬರೇ ನೆಲಕ್ಕೆ ಹಣೆ ಹಚ್ಚುತ್ತಿದ್ದರು, ಹೊರಗೆ ರಾಮಲೀಲೆಯ ಪಟಾಕಿ ಸಿಡಿಯುತ್ತಿರುವಾಗ. ಇದನ್ನು ಕೇಳಿ ಸ್ಫೂರ್ತಿಯ ಅಪ್ಪ ನಾರಾಯಣಸ್ವಾಮಿ, “ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದ್ದ ಹಾಗೆ. ಆದ್ರೂ ಹೆತ್ತ ತಾಯಿ ತಿಥಿ ಗೊತ್ತಿಲ್ಲದೆ ಇರೋದು ಕಷ್ಟ ಕಣಮ್ಮ. ಹೇಗಾದ್ರೂ ಕೇಳಿಕೊಡು,” ಎಂದಿದ್ದರು.

ಚೀನಾ ಗಡಿಯ ವ್ಯಾಪಾರಿಯೊಬ್ಬ ಎರಡು ವರ್ಷ ಹುಡುಕಿ ಸಾಹೇಬರ ತಮ್ಮನನ್ನು ಪತ್ತೆ ಮಾಡಿದ್ದ. “ನಿನ್ನ ಅಣ್ಣನ ಸುದ್ದಿ ಬಲ್ಲವರೊಬ್ಬರಿದ್ದಾರೆ” ಎಂದಷ್ಟೇ ಹೇಳಿ, ನದಿಯ ಪಕ್ಕದ ಗುಡ್ಡಕ್ಕೆ ಕರೆತಂದು, ಕದ್ದು ದಾಟಿಸಿದ ಮೊಬೈಲಿನಿಂದ ಮಾತಾಡಿಸುವುದೆಂದು ಏರ್ಪಾಡು. ಇರುವುದು ಐದೇ ನಿಮಿಷ. ಹೆಚ್ಚಾದರೆ ಪೊಲೀಸರು ಜಾಗ ಹಿಡಿಯುತ್ತಾರೆ, ಹಿಡಿದರೆ ತಮ್ಮನು ಮನೆಗೆ ಮರಳುವ ಮಾತಿಲ್ಲ. ಇತ್ತ ಸಾಹೇಬರ ಕಿವಿ ತೀರ ಮಂದ, ಬಾಗಿ ಕೂಗಿದರಷ್ಟೇ ಕೇಳುತ್ತದೆ, ಫೋನಿನಲ್ಲಂತೂ ಒಂದಕ್ಷರ ಕೇಳಿಸದು. ಆದ್ದರಿಂದ ಕೇಳುವವಳು, ಮಾತಾಡುವವಳು ಸ್ಫೂರ್ತಿ. ನಡುವೆ ಬರೆದು ತೋರಿಸಲು ಒಂದು ನೋಟ್‌ಬುಕ್ಕು, ಎರಡು ಸ್ಕೆಚ್ ಪೆನ್ನು.

ಮೂರೂ ಹತ್ತಕ್ಕೆ ಫೋನು ಬಡಿದುಕೊಂಡಿತು.

ಗಾಳಿಯ ಸದ್ದು, ಏದುಸಿರು. ಆಮೇಲೆ ಮುದಿ ದನಿಯೊಂದು, ತರಗತಿಯಲ್ಲಿ ಎಂದೂ ಕೇಳದ ಒರಟು ಉಚ್ಚಾರದಲ್ಲಿ: “ಯಾರು ನೀನು? ನಿನ್ನ ಮಾತು ನಮ್ಮವರ ಮಾತಲ್ಲ.”

“ನಾನು ಭಾರತದವಳು. ನಿಮ್ಮ ಅಣ್ಣನ ವಿಷಯ...”

“ಮೊದಲು ಇದು ಕೇಳು. ನನ್ನ ಅಣ್ಣ ಯುದ್ಧದಲ್ಲಿ ಸತ್ತವನು. ಹಾಗಂತ ಸರ್ಕಾರ ಕೊಟ್ಟ ಕಾಗದ ನಮ್ಮ ಗೋಡೆ ಮೇಲಿದೆ. ಅದರಿಂದಲೇ ನನ್ನ ಮಗನಿಗೆ ಕೆಲಸ, ಮೊಮ್ಮಕ್ಕಳಿಗೆ ಶಾಲೆ. ಅವನು ಬದುಕಿದ್ದಾನೆ ಅಂತ ಹೇಳೋಕೆ ಕರೆದಿದ್ದರೆ ಈಗಲೇ ಫೋನ್ ಇಡ್ತೀನಿ. ಓಡಿಹೋದವನ ಮನೆಯವರು ಅಂತ ನಮ್ಮನ್ನೆಲ್ಲ ಗಣಿಗೆ ಹಾಕ್ತಾರೆ.”

ಹೌದು ಅಂದರೆ ಫೋನು ಹೋಗುತ್ತದೆ, ಜೊತೆಗೆ ತಿಥಿಯೂ. ಇಲ್ಲ ಅನ್ನೋಣವೆಂದರೆ ಮನುಷ್ಯ ಎದುರಿಗೇ ಕೂತಿದ್ದಾರೆ. ಸ್ಫೂರ್ತಿ ದೊಡ್ಡಕ್ಷರದಲ್ಲಿ ಬರೆದು ತೋರಿಸಿದಳು: ‘ನೀವು ಬದುಕಿದ್ದರೆ ಅವರಿಗೆ ಅಪಾಯ. ಫೋನ್ ಇಡ್ತೀನಿ ಅಂತಿದ್ದಾರೆ.’

ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಅವರಿಗೆ ಸಿಟ್ಟು ಬರುತ್ತದೆ, ಇಲ್ಲವೇ ಫೋನು ಕಿತ್ತುಕೊಂಡು ತಮ್ಮನ ಹೆಸರು ಕೂಗುತ್ತಾರೆ ಎಂದು ಅವಳು ಹೆದರಿದ್ದಳು. ಅವರು ಪೆನ್ನು ತೆಗೆದುಕೊಂಡು ಬರೆದದ್ದು ಎರಡೇ ಮಾತು: ‘ಸತ್ತ ಅನ್ನು.’

ಅವಳು ತಲೆ ಅಲ್ಲಾಡಿಸಿದಳು. ಅವರು ಆ ಎರಡು ಮಾತಿನ ಕೆಳಗೆ ಬಲವಾಗಿ ಗೆರೆ ಎಳೆದರು. ಕೊರಳಲ್ಲಿದ್ದ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು, ಕೆಮ್ಮು ಬಂದರೂ ಆಚೆಗೆ ಕೇಳಬಾರದೆಂದು.

“ನಿಮ್ಮ ಅಣ್ಣ ತೀರಿಕೊಂಡರು,” ಎಂದಳು ಸ್ಫೂರ್ತಿ. “ಅವರ ಜೊತೆ ಸೆರೆಯಲ್ಲಿದ್ದವರೊಬ್ಬರು ಇಲ್ಲಿದ್ದಾರೆ. ನಿಮ್ಮ ತಾಯಿಯ ದಿನ ಕೇಳಿ, ಅನ್ನ ಇಡು ಅಂತ ನಿಮ್ಮ ಅಣ್ಣ ಇವರ ಕೈಲಿ ಮಾತು ತಗೊಂಡಿದ್ದರಂತೆ.”

ಪರದೆಯ ಮೇಲೆ ಎರಡು ನಿಮಿಷ ಸವೆದಿತ್ತು.

“ಸುಳ್ಳಿರಬಹುದು. ನೀನು ಪೊಲೀಸಿನವಳೂ ಇರಬಹುದು. ನನ್ನ ಅಣ್ಣನಿಗೆ ಮಾತ್ರ ಗೊತ್ತಿರೋದು ಏನಾದರೂ ಹೇಳು.”

ಅವಳು ಬರೆದಳು. ಸಾಹೇಬರ ಪೆನ್ನು ಓಡಿತು. ಆ ಸೊಟ್ಟ ಅಕ್ಷರಗಳನ್ನು ಸ್ಫೂರ್ತಿ ತಡವರಿಸುತ್ತ ಓದಿದಳು: “ಅಪ್ಪ ಬರೋದು ತಡವಾದರೆ ಅಮ್ಮ ಒಂದು ಬಟ್ಟಲು ಅನ್ನಕ್ಕೆ ಮುಚ್ಚಳ ಹಾಕಿ, ಒಲೆ ಕಡೆಯ ಬೆಚ್ಚನೆ ನೆಲದ ಮೇಲೆ ರಜಾಯಿಯಲ್ಲಿ ಸುತ್ತಿ ಇಡ್ತಿದ್ದಳು. ಒಂದು ಸಲ ನೀವು ಅದನ್ನ ಕದ್ದು ತಿಂದಿರಿ. ಏಟು ತಿಂದದ್ದು ನಿಮ್ಮ ಅಣ್ಣ.”

ಆಚೆಯ ದನಿ ಒಡೆದುಹೋಯಿತು. ಮುದುಕ ಮಗುವಿನ ಹಾಗೆ ಅಳುತ್ತಿದ್ದ. ಈಚೆ ಅಣ್ಣನಿಗೆ ಅದು ಕೇಳಿಸದು. ಅವರು ಸ್ಫೂರ್ತಿಯ ಮುಖವನ್ನೇ ನೋಡುತ್ತ, ಅಲ್ಲಿ ಏನಾದರೂ ಕಂಡೀತೇನೋ ಎಂದು ಕಾಯುತ್ತಿದ್ದರು. ಅವಳಿಗೆ ಆ ನೋಟ ತಾಳಲಾಗಲಿಲ್ಲ.

“ಎಂಟನೇ ತಿಂಗಳು, ಐದು,” ಎಂದಿತು ದನಿ, ಬಿಕ್ಕುತ್ತ. “ಅಮ್ಮ ಸಾಯೋವರೆಗೂ ಅಣ್ಣನ ತಿಥಿ ಮಾಡೋಕೆ ಬಿಡಲಿಲ್ಲ. ಬರ್ತಾನೆ ಅಂತ ದಿನಾ ಒಂದು ಬಟ್ಟಲು ಅನ್ನ ಎತ್ತಿಡ್ತಿದ್ದಳು. ಅವಳು ಹೋದ ಮೇಲೆ ಅದೂ ನಿಂತಿತು.”

“ಚಾಂದ್ರಮಾನದ ಐದು ತಾನೆ?” ಎಂದು ಕೇಳುವ ಎಚ್ಚರ ಅವಳಿಗಿತ್ತು. ಅಪ್ಪನ ಮನೆಯ ರೂಢಿ.

“ಹೌದು. ಹೊತ್ತಾಯ್ತು, ಕರೆತಂದವನು ಫೋನು ಎಳೀತಿದ್ದಾನೆ. ನೀನೂ ಒಂದು ಹೇಳು. ನಮ್ಮ ಕಾಗದದಲ್ಲಿ ದಿನ ಬರೆದಿಲ್ಲ. ಅಣ್ಣ ಸತ್ತದ್ದು ಯಾವತ್ತು?”

ನಾಲ್ಕು ನಿಮಿಷ ದಾಟಿತ್ತು. ಇದನ್ನು ಹೇಗೆ ಬರೆಯುವುದು? ಬರೆಯದೆ ವಿಧಿಯಿಲ್ಲ. ‘ನೀವು ಸತ್ತ ದಿನ ಕೇಳ್ತಿದ್ದಾರೆ.’

ಸಾಹೇಬರು ಟವೆಲು ಕಚ್ಚಿಕೊಂಡೇ ಕಣ್ಣು ಮುಚ್ಚಿದರು. ಆಮೇಲೆ ಬರೆದರು, ತಡವರಿಸಲಿಲ್ಲ: ‘ಮೊದಲ ತಿಂಗಳು, ಏಳು.’

ಅವಳು ಹೇಳಿದಳು. ಆಚೆಯವನು, ಮರೆಯಬಾರದೆಂದು, ಅದನ್ನೇ ಮೂರು ಸಲ ಹೇಳಿಕೊಂಡ. ನಾಲ್ಕನೆಯ ಸಲ ಅರ್ಧದಲ್ಲಿ ಕರೆ ಕಡಿಯಿತು.

ಸಾಹೇಬರು ಬಾಯಿಂದ ಟವೆಲು ತೆಗೆದರು. ಅವಳು ತಾಯಿಯ ದಿನ ಬರೆದು ತೋರಿಸಿದಳು. ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಮೊದಲ ತಿಂಗಳ ಏಳು ಅಂದರೆ ನಮ್ಮ ರಥಸಪ್ತಮಿಯ ಹೊತ್ತು ಎಂದು ಸ್ಫೂರ್ತಿ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಅವರ ಕಿವಿಗೆ ಬಾಗಿ ಗಟ್ಟಿಯಾಗಿ ಕೇಳಿದಳು: “ಆ ದಿನವೇ ಯಾಕೆ?”

“ಹಡಗು ಹತ್ತಿದ ದಿನ ಬೇಟಿ,” ಎಂದರು ಸಾಹೇಬರು. “ಅವನು ಅತ್ತನಾ?”

“ಅತ್ತರು.”

“ಎಷ್ಟು ಹೊತ್ತು?”

“ಕೊನೆವರೆಗೂ.”

ತಾಯಿ ದಿನಾ ಅನ್ನ ಎತ್ತಿಡುತ್ತಿದ್ದದ್ದನ್ನೂ, ಅವಳು ಹೋದ ಮೇಲೆ ಅದು ನಿಂತದ್ದನ್ನೂ ಹೇಳಿದಳು. ಮುಚ್ಚಿಡಬೇಕು ಅನ್ನಿಸಿತ್ತು, ಮನಸ್ಸು ಬರಲಿಲ್ಲ. ಬೆವರೋ ಕಣ್ಣೀರೋ ಸಾಹೇಬರ ಗದ್ದದಿಂದ ಇಳಿದು ನೋಟ್‌ಬುಕ್ಕಿನ ಮೇಲೆ ಬಿತ್ತು.

“ಹಾಗಾದ್ರೆ,” ಎಂದರು ಕೊನೆಗೆ, “ಇನ್ನು ವರ್ಷಕ್ಕೊಂದು ದಿನ ಮನೇಲಿ ನನಗೂ ಅನ್ನ ಇಡ್ತಾರೆ.”

ಎದ್ದು ಹೋಗಿ ಕೂಲರ್ ಹಾಕಿದರು.