ಮರಳಿನಡಿಯ ಕೆಂಡ

ಶುಕ್ರವಾರ ಶಾಲೆಯಿಂದ ಬಂದ ಹಿತಾ ಶೂ ಬಿಚ್ಚಿ ನೇರ ಅಡುಗೆಮನೆಗೆ ನಡೆದಳು. ಬಲಗಾಲಿನ ಹೊರ ಅಂಚನ್ನು ಮಾತ್ರ ಊರಿ ನಡೆಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅಂಗಾಲಿನ ಸುಟ್ಟ ಗಾಯ ಮಾಗಿ ಎಷ್ಟೋ ತಿಂಗಳಾಗಿದ್ದರೂ ನಡಿಗೆ ಹಾಗೇ ಉಳಿದಿತ್ತು.

"ನೆಟ್ಟಗೆ ಕಾಲೂರು ಪುಟ್ಟಾ," ಎಂದಳು ಇಂದ್ರಾಣಿ.

"ಇಟ್ಸ್ ನಾಟ್ ಪೇನಿಂಗ್, ಅಮ್ಮ," ಎನ್ನುತ್ತ ಮಗಳು ಬಿಸ್ಕತ್ತಿನ ಡಬ್ಬಕ್ಕೆ ಕೈಹಾಕಿದಳು.

ನೋವಿಲ್ಲವಂತೆ. ಆದರೆ ಮಗಳ ಒಂದೊಂದು ಹೆಜ್ಜೆಗೂ ಇಂದ್ರಾಣಿಯ ಕಣ್ಣಮುಂದೆ ಕೆವಿನ್‌ನ ಮುಖ ಬರುತ್ತಿತ್ತು. ಅವನ ಕಾಲೂ ಒಮ್ಮೆ ಸುಡಲಿ ಎಂದು ಅವಳು ಬಯಸದ ದಿನವಿರಲಿಲ್ಲ.

ಹೋದ ಚಳಿಗಾಲದಲ್ಲಿ, ಅರಬ್ ನಾಡಿನ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿದ್ದ ಅವರ ಕಟ್ಟಡದ ಕನ್ನಡದ ಕುಟುಂಬಗಳೆಲ್ಲ ಹತ್ತಾ ಎಂಬ ಊರಿನ ಆಚೆಯ ಬೆಟ್ಟಗಳಿಗೆ ಪಿಕ್‌ನಿಕ್ ಹೋಗಿದ್ದವು. ಬಾರ್ಬೆಕ್ಯೂಗೆ ಯಾವತ್ತೂ ಮೇಲಿನ ಮಹಡಿಯ ಕೆವಿನ್‌ನದೇ ಯಜಮಾನಿಕೆ. ಮೀನು, ಕೋಳಿ ಎಲ್ಲ ಸುಟ್ಟಾದ ಮೇಲೆ ಉಳಿದ ಕೆಂಡವನ್ನು ಗುಂಡಿಗೆ ತಳ್ಳಿ, ಮೇಲೆ ಮರಳೆಳೆದು, "ಖಲಾಸ್" ಎಂದು ಕೈ ಕೊಡವಿದ್ದ. ಇಲ್ಲಿ ಬಹಳ ಮಂದಿ ಮಾಡುವುದೇ ಹೀಗೆ. ಹೊತ್ತು ತಂದ ಕುಡಿಯುವ ನೀರನ್ನು ಬೆಂಕಿಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಮರಳು ಕೆಂಡವನ್ನು ಬೇಗ ಆರಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೇ. ಚಾಪೆಗೆ ಮರಳಾಗಬಾರದೆಂದು, ನಮ್ಮವರು ಎಲ್ಲಿ ಹೋದರೂ ಮಾಡುವಂತೆ, ಎಲ್ಲರೂ ಚಪ್ಪಲಿಯನ್ನು ಚಾಪೆಯ ಅಂಚಿನಲ್ಲಿ ಬಿಟ್ಟಿದ್ದರು. ಚೆಂಡಿನ ಹಿಂದೆ ಬರಿಗಾಲಲ್ಲಿ ಓಡಿದ ಹಿತಾ ಆ ಗುಂಡಿಯ ಮೇಲೇ ಕಾಲಿಟ್ಟಳು.

ಅಷ್ಟೇ ಆಗಿದ್ದರೆ ಇಂದ್ರಾಣಿ ಮರೆಯುತ್ತಿದ್ದಳೋ ಏನೋ. ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೆದುರು ಕೆವಿನ್ ಹೇಳಿದ್ದ: "ಮಗುವನ್ನು ಬರಿಗಾಲಲ್ಲಿ ಬಿಟ್ಟದ್ದು ಯಾರು ಮಾರಾಯ್ರೆ? ಅದು ಬೆಟ್ಟ, ನಿಮ್ಮ ಮನೆಯ ಹಾಲ್ ಅಲ್ಲ." ಚಪ್ಪಲಿ ಬಿಚ್ಚು ಎಂದು ಮಗಳಿಗೆ ಹೇಳಿದ್ದವಳು ಇಂದ್ರಾಣಿಯೇ. ಆ ಮಾತು ಗಾಯದ ಮೇಲೆ ಬರೆ ಎಳೆದಂತಾಗಿತ್ತು.

ಈಗ ಫೋನಿನಲ್ಲಿ, ಕಟ್ಟಡದವರ ಗುಂಪಿಗೆ, ಮತ್ತೆ ಅವನದೇ ಸಂದೇಶ: 'ನಾಳೆ ಅದೇ ಜಾಗ. ನಾನು ಬೆಳಿಗ್ಗೆಯೇ ಹೋಗಿ ಮರದಡಿ ಚಾಪೆ ಹಾಸಿರ್ತೇನೆ. ಯಲ್ಲಾ, ಹೊರಡಿ!'

ಇಂದ್ರಾಣಿ ಎರಡು ಸಲ ಓದಿದಳು. ಆಮೇಲೆ ಅಟ್ಟದಿಂದ ಟೆಂಟ್ ಇಳಿಸಿದಳು.

"ಒಬ್ಬಳೇ ರಾತ್ರಿ ಬೆಟ್ಟದಲ್ಲಿ ಮಲಗ್ತೀಯಾ?" ಗಂಡ ಶಾಮಸುಂದರ ಗಾಬರಿಯಾದ. "ಕೆವಿನ್ ಮೇಲಿನ ಕೋಪ ಇನ್ನೂ ಆರಿಲ್ವಾ? ಅವನೇನು ಬೇಕೂಂತ ಮಾಡಿದ್ನಾ?"

"ಬೇಕೂಂತ ಮಾಡಿಲ್ಲ, ಸರಿ. ಆಮೇಲೆ ಒಂದು ಸಲವಾದ್ರೂ ಮಗು ಕಾಲು ಹೇಗಿದೆ ಅಂತ ಕೇಳಿದ್ನಾ?"

"ಅವನಿಗೂ ಮುಖ ತೋರ್ಸೋಕೆ ನಾಚಿಕೆ ಇರಬಹುದು ಕಣೇ."

"ನಾಚಿಕೆ ಇರೋನು ಮತ್ತೆ ಅದೇ ಜಾಗಕ್ಕೆ ಹೋಗ್ತಾನಾ? ನನಗೆ ಒಂದು ರಾತ್ರಿ ಒಬ್ಬಳೇ ಇರಬೇಕು. ಬಿಡಿ."

ಮನಸ್ಸಿನಲ್ಲಿದ್ದುದನ್ನು ಅವಳು ಹೇಳಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ.

ಅಂದೇ ಅವಳ ಕಾರು ಬೆಟ್ಟ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಒಣಗಿದ ಹಳ್ಳದ ಪಕ್ಕ, ಎತ್ತರದ ಜಾಗದಲ್ಲಿ, ಕಲ್ಲುನೆಲಕ್ಕೆ ಟೆಂಟಿನ ಗೂಟ ಇಳಿಯಲೇ ಇಲ್ಲ. ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಕಟ್ಟಿ ನಿಲ್ಲಿಸಿದಳು. ಕತ್ತಲಾದ ಮೇಲೆ ಗಾಳಿ ಎದ್ದಿತು. ಹೊರಗೆ ಮೇಕೆಗಳು ಕಲ್ಲು ಉರುಳಿಸಿದಾಗಲೆಲ್ಲ ಎದ್ದು ಕೂತಳು. ಅಂಜಿಕೆಯಾದಾಗಲೆಲ್ಲ ಅವಳು ಕೆವಿನ್‌ನ ಆ ಮಾತನ್ನು ನೆನೆದಳು. ಕೋಪ ಕಂಬಳಿಗಿಂತ ಚೆನ್ನಾಗಿ ಬೆಚ್ಚಗಿಟ್ಟಿತು.

ಬೆಳಗಾಗುತ್ತಲೇ ಇದ್ದಿಲು ಹೊತ್ತಿಸಿ ಚಹಾ ಕಾಯಿಸಿದಳು. ಹಳ್ಳದ ಬದಿಯಲ್ಲಿದ್ದುದು ಒಂದೇ ಜಾಲಿ ಮರ. ಕೆವಿನ್‌ನ ಚಾಪೆ ಪ್ರತಿ ಸಲವೂ ಅದರ ಪಶ್ಚಿಮದ ನೆರಳಿಗೇ ಬೀಳುತ್ತಿತ್ತು. ಆ ಚಾಪೆಯ ಅಂಚು ಬರುವಲ್ಲಿ, ಚಪ್ಪಲಿ ಬಿಚ್ಚಿ ಕಾಲಿಡುವ ಕಡೆ, ಗುಂಡಿ ತೋಡಿ ಕೆಂಡ ಸುರಿದಳು. ತೆಳ್ಳಗೆ ಮರಳೆಳೆದು ಅಂಗೈಯಿಂದ ಸವರಿದಳು. ಯಾರಿಗೂ ಗೊತ್ತಾಗುವಂತಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನು ಕಾಲು ಹಿಡಿದು ಕುಣಿಯುವಾಗ ಕೇಳಬೇಕಾದ ಪ್ರಶ್ನೆಯೂ ಬಾಯಲ್ಲೇ ಇತ್ತು: ಬರಿಗಾಲಲ್ಲಿ ಬಿಟ್ಟದ್ದು ಯಾರು ಮಾರಾಯ್ರೆ?

ಸ್ವಲ್ಪ ಹೊತ್ತಿಗೇ ಕಾರು ಬಂತು. ಕೆವಿನ್ ಇಳಿದ. ಅವನ ಹಿಂದೆ ಬಾಗಿಲು ಹಿಡಿದುಕೊಂಡು ಬೆಳ್ಳಗಿನ ಕೂದಲಿನ ಹೆಂಗಸೊಬ್ಬರು ಇಳಿದರು.

"ಅರೆ, ಇಂದ್ರಾಣಿಯವ್ರಾ! ಒಬ್ಬರೇ?" ಅವನ ದನಿ ತಡವರಿಸಿತು. "ಇವರು ನನ್ನ ಮಮ್ಮಿ, ಗರ್ಟ್ರೂಡ್. ವಿಸಿಟ್ ವೀಸಾದಲ್ಲಿ ಮೊನ್ನೆ ಬಂದದ್ದು. ಬೆಟ್ಟ ನೋಡ್ಬೇಕಂತೆ."

"ದೇವರೇ, ರಾತ್ರಿ ಇಲ್ಲೇ ಮಲಗಿದ್ದಾ?" ಗರ್ಟ್ರೂಡ್ ಬಾಯಿಯವರು ಕೆನ್ನೆಗೆ ಕೈಯಿಟ್ಟರು. "ಹೊಟ್ಟೆಗೆ ಎಂತ ಉಂಟು? ನಿಲ್ಲಿ, ಬನ್ಸ್ ತಂದಿದ್ದೇನೆ."

ಇಂದ್ರಾಣಿಯ ಕಣ್ಣು ಸವರಿದ ಮರಳಿಗೆ ಹೋಯಿತು. ಅವನೊಬ್ಬನೇ ಬರುತ್ತಾನೆಂದು ಎಣಿಸಿದ್ದಳು. ಕೆವಿನ್ ಆಗಲೇ ಚಾಪೆ ಕೊಡವಿ ಹಾಸಿದ್ದ, ಅವಳು ಎಣಿಸಿದ್ದ ಜಾಗದಲ್ಲೇ. ಗರ್ಟ್ರೂಡ್ ಬಾಯಿ ಬನ್ಸಿನ ಡಬ್ಬ ಹಿಡಿದು ಅದರತ್ತ ನಡೆದರು.

"ಚಪ್ಪಲಿ ಅಲ್ಲೇ ಬಿಡಿ ಮಮ್ಮಿ," ಎಂದ ಕೆವಿನ್. "ಚಾಪೆಗೆ ಮರಳಾಗ್ತದೆ."

ಅದೇ ಮಾತು. ಇಂದ್ರಾಣಿ ಹಿತಾಳಿಗೆ ಹೇಳಿದ್ದೂ ಅದನ್ನೇ. ಮುದುಕಿಯ ಪಾದ ಚಪ್ಪಲಿಯಿಂದ ಹೊರಬಂತು.

"ಕಾಲಿಡ್ಬೇಡಿ!"

ತನ್ನ ಕಿರುಚು ತನಗೇ ಬೇರೆ ಯಾರದೋ ಎನಿಸಿತು. ಓಡಿ ಬಂದು ಗರ್ಟ್ರೂಡ್ ಬಾಯಿಯನ್ನು ಹಿಂದಕ್ಕೆಳೆದಳು. ಡಬ್ಬ ಬಿದ್ದು ಬನ್ಸ್ ಉರುಳಿದವು. ತನ್ನ ನೀರಿನ ಕ್ಯಾನ್ ತಂದು ಆ ಮರಳಿನ ಮೇಲೆ ಸುರಿದಳು. ನೆಲ ಬುಸುಗುಟ್ಟಿತು, ಬಿಳಿ ಹಬೆ ಎದ್ದಿತು.

"ಇದನ್ನ ಹೂತಿದ್ದು ನಾನು," ಎಂದಳು. "ನಿಮ್ಮ ಕಾಲಿಗೆ ಅಂತಲೇ. ಅಮ್ಮ ಬರ್ತಾರೆ ಅಂತ ಗೊತ್ತಿರಲಿಲ್ಲ."

"ಹುಚ್ಚಾ ನಿಮಗೆ?" ಕೆವಿನ್ ಮೈಮೇಲೆ ಬಂದ. "ಮಮ್ಮಿಯ ಕಾಲು... ಅವರಿಗೆ ಶುಗರ್ ಉಂಟು, ಗಾಯ ಆದ್ರೆ..."

"ಸುಡೋದು ಹೇಗಿರುತ್ತೆ ಅಂತ ನಿಮಗೆ ಗೊತ್ತಾಗ್ಲಿ ಅಂದ್ಕೊಂಡೆ. ನನ್ನದು ತಪ್ಪು. ಪೊಲೀಸಿಗೆ ಹೇಳೋದಾದ್ರೆ ಹೇಳಿ, ಇಲ್ಲೇ ಇರ್ತೀನಿ." ಅವಳು ಖಾಲಿ ಕ್ಯಾನ್ ಕೆಳಗಿಟ್ಟಳು. "ಬರಿಗಾಲಲ್ಲಿ ಬಿಟ್ಟದ್ದು ಯಾರು ಅಂತ ಮಾತ್ರ ನಾನು ಕೇಳಲ್ಲ."

ಕೆವಿನ್ ಒಂದು ಹೆಜ್ಜೆ ಹಿಂದೆ ಸರಿದ.

"ಯಾರ ಕಾಲು ಸುಟ್ಟದ್ದು ಮಗಾ?" ಗರ್ಟ್ರೂಡ್ ಬಾಯಿ ಮಗನ ಮುಖವನ್ನೇ ನೋಡಿದರು. "ನನಗೆ ಯಾಕೆ ಹೇಳ್ಲಿಲ್ಲ?"

ಅವನು ಹಬೆಯಾಡುತ್ತಿದ್ದ ಗುಂಡಿಯ ಬಳಿ ಬಂದು ನಿಂತ.

"ಹಿತಾಳ ಕಾಲು," ಎಂದ, ಇಂದ್ರಾಣಿಯ ಕಡೆ ತಿರುಗದೆ. "ಈಗ ಹೇಗುಂಟು?"

"ಪಾದದ ಅಂಚಿನಲ್ಲಿ ನಡೀತಾಳೆ."

ಕೆವಿನ್ ಕಾರಿನಿಂದ ಸಲಿಕೆ, ತಗಡಿನ ಬಕೆಟ್ ತಂದ. ಮೊಣಕಾಲೂರಿ ಒದ್ದೆ ಇದ್ದಿಲನ್ನೆಲ್ಲ ಬಗೆದು ಬಕೆಟ್ಟಿಗೆ ತುಂಬಿದ. ಗುಂಡಿಯ ತಳಕ್ಕೆ ಅಂಗೈ ಊರಿ ನೋಡಿದ.

"ಆರಿದೆ," ಎಂದ.

"ಇನ್ನೊಂದು ಸಲ ಸುರೀರಿ," ಎಂದಳು ಇಂದ್ರಾಣಿ.

ಅವನು ಎದುರಾಡಲಿಲ್ಲ. ಎದ್ದು ಹೋಗಿ ತಾವು ಕುಡಿಯಲು ತಂದಿದ್ದ ನೀರಿನ ಕ್ಯಾನ್ ಎತ್ತಿಕೊಂಡು ಬಂದ.