ಲಗ್ನಪತ್ರಿಕೆಗೆ ಎಡಗೈ

ಮೌಸ್ ಹಿಡಿಯುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಕೋರಲ್ ಡ್ರಾ ಕಲಿಸಿದವರು ಅಕ್ಷರ ಹಿಗ್ಗಿಸುವುದು, ಹೂಬಳ್ಳಿ ಬಗ್ಗಿಸುವುದು, ಗಣಪತಿಗೆ ಚಿನ್ನದ ಬಣ್ಣ ಹಚ್ಚುವುದು ಎಲ್ಲ ಕಲಿಸಿದರು. ಕೈ ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಬಿಟ್ಟರು. ನನಗೆ ತೋಚಿದಂತೆ ನಾನು ಹಿಡಿದೆ. ಹಿಡಿದೆ ಅನ್ನುವುದಕ್ಕಿಂತ ಹಿಸುಕಿದೆ ಅನ್ನುವುದೇ ಸರಿ. ರಾಜಾಜಿನಗರದ ಮಧು ಗ್ರಾಫಿಕ್ಸ್‌ನಲ್ಲಿ ವರ್ಷಗಟ್ಟಲೆ ಕೂತು ಊರವರ ಲಗ್ನಪತ್ರಿಕೆಗಳನ್ನೆಲ್ಲ ಮಾಡಿದೆ. ಅವರ ಮದುವೆಗಳಾದವು, ನನ್ನ ಬಲ ಮಣಿಕಟ್ಟು ಹೋಯಿತು.

ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲಾಗಲಿಲ್ಲ. ಲೋಟವನ್ನು ಕಟ್ಟೆಯ ಮೇಲೇ ಬಿಟ್ಟು, ಬಗ್ಗಿ ಬಾಯಿ ಹಾಕಿ ಕುಡಿಯುತ್ತಿದ್ದೆ. ಅಮ್ಮ ನೋಡಿಬಿಟ್ಟಳು. "ಇದೇನೇ ರಮ್ಯ, ಹಸು ಕಲಗಚ್ಚು ಕುಡಿದಂಗೆ ಕುಡೀತಿದೀಯಾ!" ಎಂದು ಬೈದು, ಕುರುಬರಹಳ್ಳಿಯಲ್ಲೇ ನಮ್ಮ ಹಿಂದಿನ ರಸ್ತೆಯ ಫಿಸಿಯೋಥೆರಪಿಸ್ಟ್ ಲತಾ ಮೇಡಂ ಹತ್ತಿರ ಅಟ್ಟಿದಳು.

ಲತಾ ಮೇಡಂ ನನ್ನ ಕೈಯನ್ನು ಅತ್ತ ಇತ್ತ ತಿರುಗಿಸಿ, ನಾನು ಅಯ್ಯೋ ಅಂದ ಜಾಗವನ್ನೇ ಮತ್ತೊಮ್ಮೆ ಒತ್ತಿ, ಕೊನೆಗೆ ತಮ್ಮ ಮೇಜಿನ ಮೌಸನ್ನು ನನ್ನ ಮುಂದೆ ಇಟ್ಟರು. "ಹಿಡ್ಕೊಳಿ, ನೋಡೋಣ."

ಹಿಡಿದೆ.

"ಅಲ್ಲಾ ರೀ, ಅದೇನು ಓಡಿಹೋಗತ್ತಾ? ಹಿಂಗ್ಯಾಕೆ ಕತ್ತು ಹಿಸುಕ್ತಿದೀರಾ?"

ಆಮೇಲೆ ಅವರೇ ತೋರಿಸಿದರು. ಅಂಗೈ ಮೌಸಿನ ಬೆನ್ನ ಮೇಲೆ ಸಡಿಲವಾಗಿ ಒರಗಿರಬೇಕು. ತೋರುಬೆರಳು ಒಂದು ಗುಂಡಿಯ ಮೇಲೆ, ನಡುಬೆರಳು ಇನ್ನೊಂದರ ಮೇಲೆ ಸುಮ್ಮನೆ ಮಲಗಿರಬೇಕು. ಹೆಬ್ಬೆರಳು ಒಂದು ಪಕ್ಕ, ಉಳಿದೆರಡು ಬೆರಳು ಇನ್ನೊಂದು ಪಕ್ಕ. ಒತ್ತುವಾಗ ಬೆರಳಷ್ಟೇ ಒತ್ತಬೇಕು. ಸರಿಸುವಾಗ ಮೊಣಕೈಯಿಂದ ತೋಳೇ ಸರಿಯಬೇಕು, ಮಣಿಕಟ್ಟನ್ನು ಮೇಜಿಗೆ ಊರಿ ತಿರುಚಬಾರದು. "ಮಲಗಿರೋ ಮಗು ತಲೆ ಮೇಲೆ ಕೈ ಇಟ್ಟಂಗೆ ಇರ್ಬೇಕು" ಎಂದರು. ನಾನು ಇಷ್ಟು ವರ್ಷ ಆ ಮಗುವಿನ ಕಿವಿ ಹಿಂಡುತ್ತಾ ಬಂದಿದ್ದೆ.

"ಈಗ ಬಲಗೈಗೆ ಪೂರ್ತಿ ರಜ" ಎಂದು ಕೈಗೊಂದು ಪಟ್ಟಿ ಬಿಗಿದರು. "ಗುಣ ಆಗೋವರ್ಗೂ ಎಡಗೈಲಿ ಕೆಲಸ ಮಾಡಿ. ಹಟ ಮಾಡಿ ಇದನ್ನೇ ದುಡಿಸಿದ್ರೆ ಆಪರೇಷನ್‌ಗೆ ಹೋಗತ್ತೆ. ಆಮೇಲೆ ನನ್ನ ಕೇಳ್ಬೇಡಿ."

ಅಂಗಡಿಯ ಮಾಲೀಕ ಮಧುಕುಮಾರ್ ಸಾರ್ ನನ್ನ ಪಟ್ಟಿ ನೋಡಿದ ಕೂಡಲೇ ಕ್ಯಾಲೆಂಡರ್ ನೋಡಿದರು. ಮದುವೆ ಸೀಸನ್. "ಇಂಥಾ ಟೈಮಲ್ಲೇ ನೋವು ಬರ್ಸ್ಕೋಬೇಕಿತ್ತಾ ನೀನು?" ಎಂದರು, ನೋವನ್ನು ನಾನೇ ಆನ್‌ಲೈನಿನಲ್ಲಿ ಆರ್ಡರ್ ಮಾಡಿ ತರಿಸಿದೆ ಎಂಬಂತೆ. "ಎಡಗೈಲಿ ಮಾಡ್ತೀಯೋ ಕಾಲಲ್ಲಿ ಮಾಡ್ತೀಯೋ, ನಂಗೆ ಕಾರ್ಡ್ ಬೇಕು ಅಷ್ಟೇ. ಒಬ್ಬ ಕಸ್ಟಮರ್ ಗೊಣಗಿದ್ರೂ ಬೇರೆಯವ್ರನ್ನ ಕೂರಿಸ್ತೀನಿ. ಬೇಜಾರ್ ಮಾಡ್ಕೋಬೇಡ." ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಡಗೈ ಮೊದಮೊದಲು ಪರರಾಜ್ಯದಿಂದ ಬಂದ ನೆಂಟನ ಹಾಗಿತ್ತು. ಮೇಲೆ ಹೋಗು ಅಂದರೆ ಮೂಲೆಗೆ ಹೋಗುತ್ತಿತ್ತು. ತೋರುಬೆರಳಿಗೆ ಅನುಕೂಲವಾಗಲೆಂದು ಮೌಸಿನ ಎಡ ಬಲ ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿಕೊಂಡೆ. ಅದು ಗೊತ್ತಿಲ್ಲದ ಮಧುಕುಮಾರ್ ಸಾರ್ ಊಟದ ಹೊತ್ತಿನಲ್ಲಿ ಬಂದು ಬಲಗೈಯಲ್ಲಿ ಒತ್ತಿದರು. ಎಲ್ಲಿ ಒತ್ತಿದರೂ ಒಂದೊಂದು ಮೆನು ತೆರೆದುಕೊಳ್ಳುತ್ತಿತ್ತು. ಕಂಪ್ಯೂಟರಿಗೆ ವೈರಸ್ ಬಂತೆಂದು ಪ್ಲಗ್ಗನ್ನೇ ಕಿತ್ತರು. ಒಂದು ನಾಮಕರಣ, ಒಂದು ಗೃಹಪ್ರವೇಶ ಹಾಗೇ ಮಾಯವಾದವು. ಆದರೂ ನಾನು ಬಿಡಲಿಲ್ಲ. ಸ್ವಲ್ಪ ದಿನಕ್ಕೆ ಎಡಗೈ ನನ್ನ ಮಾತು ಕೇಳತೊಡಗಿತು.

ಆಗ ಬಂದರು ಜಗದಾಂಬಾ.

ಬಸವೇಶ್ವರನಗರದಲ್ಲಿ ಮನೆ, ಮೂಲ ದಾವಣಗೆರೆ ಕಡೆ. ಜೊತೆಗೆ ಅವರ ಯಜಮಾನರು ಶಿವಬಸಪ್ಪ, ಮದುವೆ ಗಂಡು ಬಸವಕುಮಾರ್. ಶಿವಬಸಪ್ಪನವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರಂತೆ. ಹುದ್ದೆಯಲ್ಲಿ ಎಷ್ಟು ಮಾತಾಡಿದ್ದರೋ ಏನೋ, ಮನೆಯವರ ಮುಂದೆ ಮಾತ್ರ ಮೌನವ್ರತ. ಬಸವಕುಮಾರ್ ಫೋನಿನಿಂದ ತಲೆ ಎತ್ತಲಿಲ್ಲ. ಬೀಗರ ಮನೆಯ ಕಾರ್ಡೂ ಇಲ್ಲೇ ಆಗಲಿದೆ, ತಮ್ಮನ ಮಗಳ ಮದುವೆಯೂ ಇದೆ ಎಂದು ಜಗದಾಂಬಾ ಬಾಗಿಲಲ್ಲೇ ಘೋಷಿಸಿದ್ದರಿಂದ ಮಧುಕುಮಾರ್ ಸಾರ್ ತಾವೇ ಕುರ್ಚಿ ಒರೆಸಿದರು.

ಲಗ್ನಪತ್ರಿಕೆ ಮಾಡಿಸುವವರ ಸಂಗತಿ ನಿಮಗೆ ಗೊತ್ತಿರಬೇಕು. ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎಣ್ಣೆ ಬೆರಳನ್ನು ಪರದೆಗೆ ಊರಿ "ಇದನ್ನ ಸ್ವಲ್ಪ ಎತ್ತಿ, ಅದನ್ನ ಸ್ವಲ್ಪ ಒತ್ತಿ" ಅನ್ನುತ್ತಾರೆ. ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಸೋದರಮಾವನದೋ ಎಂದು ಜಗಳವಾಗಿ, ಮದುವೆಗೆ ಮುಂಚೆಯೇ ಒಂದು ಸಂಬಂಧ ಮುರಿಯುತ್ತದೆ. ಇದೆಲ್ಲ ನನಗೆ ಅಭ್ಯಾಸ. ನಾನು "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂಬ ಸಾಲನ್ನು ಹಿಡಿದು ಪತ್ರಿಕೆಯ ನೆತ್ತಿಗೆ ಎಳೆಯುತ್ತಿದ್ದೆ.

"ನಿಲ್ಲು, ನಿಲ್ಲು!" ಎಂದರು ಜಗದಾಂಬಾ. "ಏನವ್ವಾ ನೀನು, ದೇವರನ್ನ ಎಡಗೈಲಿ ಎಳೀತಿಯಲ್ಲ! ಶುಭಕಾರ್ಯ ಐತಿ, ನಮ್ಮ ಹುಡುಗನ ಮದುವಿ ಐತಿ, ಸ್ವಲ್ಪನಾದ್ರೂ ಭಯಭಕ್ತಿ ಬ್ಯಾಡವಾ?"

ಬಲಗೈಯ ಪಟ್ಟಿ ತೋರಿಸಿದೆ. ಅವರು ಪಟ್ಟಿಯನ್ನು ನೋಡಿದರು, ಕೈಯನ್ನು ನೋಡಲಿಲ್ಲ. "ಅದನ್ನ ಬಿಚ್ಚಿ ಮಾಡು. ಒಂದು ಗಳಿಗಿ ಕೆಲಸ."

ಮಧುಕುಮಾರ್ ಸಾರ್ ನನ್ನ ಕಿವಿಯ ಹತ್ತಿರ ಬಗ್ಗಿದರು. "ರಮ್ಯ, ಒಂದೇ ಒಂದು ಕಾರ್ಡು. ಬಲಗೈಲಿ ಮಾಡ್ಬಿಡಮ್ಮ."

"ಆಗಲ್ಲ ಸಾರ್."

"ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಪಿಸುದನಿಯಲ್ಲೇ ಹೇಳಿದರು, ನಗುತ್ತಲೇ ಹೇಳಿದರು. ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಬಾಡಿಗೆ ಮನೆ, ಅಮ್ಮನ ಮಾತ್ರೆ ಎಲ್ಲ ಕಣ್ಣ ಮುಂದೆ ಬಂದವು. ಪಟ್ಟಿಯ ಅಂಚಿಗೆ ಬೆರಳೂ ಹೋಯಿತು. ಬಿಚ್ಚಿದರೆ ಕೈ ಹೋಗುತ್ತದೆ, ಬಿಚ್ಚದಿದ್ದರೆ ಕೆಲಸ ಹೋಗುತ್ತದೆ. ಏನೂ ತೋಚದೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ.

"ಆಂಟಿ, ನಿಮ್ಮ ಬಲಗೈ ಚೆನ್ನಾಗಿದೆಯಲ್ಲ? ನೀವೇ ಎಳೀರಿ. ಮನೆಯವ್ರ ಕೈಯಿಂದ್ಲೇ ಆದ್ರೆ ಇನ್ನೂ ಶುಭ."

ಸವಾಲು ಹಾಕಿದವಳು ನಾನು, ಸಂತೋಷಪಟ್ಟವರು ಜಗದಾಂಬಾ. "ಅದೇನು ಬ್ರಹ್ಮವಿದ್ಯೆಯೇನು?" ಎಂದು ಸೆರಗು ಸಿಕ್ಕಿಸಿ ನನ್ನ ಕುರ್ಚಿಯಲ್ಲಿ ಕೂತೇಬಿಟ್ಟರು. ನಾನು ಗುಂಡಿಗಳನ್ನು ಮೊದಲಿನಂತೆ ಮಾಡಿ ಮೌಸನ್ನು ಅವರ ಬಲಕ್ಕೆ ಇಟ್ಟೆ.

ಜೋಳದ ರೊಟ್ಟಿ ಬಡಿದು ಪಳಗಿದ ಕೈ ಅದು. ಬೆರಳೆಲ್ಲ ಅಗಲಿಸಿ ಮೌಸನ್ನು ಬಡಿದರು. ಬಡಿದಷ್ಟೂ ಅದು ಒತ್ತಿಕೊಂಡಿತು. ವೀರಭದ್ರೇಶ್ವರ ಸೀದಾ ಕೆಳಗಿಳಿದು "ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ" ಎಂಬ ಮಕ್ಕಳ ಸಾಲಿನ ಪಕ್ಕ ಕೂತ. ದೇವರನ್ನು ಮೇಲಕ್ಕೆ ಕಳಿಸಲೆಂದು ಜಗದಾಂಬಾ ಮೌಸನ್ನೇ ಮೇಜಿನಿಂದ ಎತ್ತಿ ತಲೆಯ ಮಟ್ಟಕ್ಕೆ ಹಿಡಿದರು. ದೇವರು ಅಲುಗಲಿಲ್ಲ. ಕೆಳಗಿಟ್ಟು ಜೋರಾಗಿ ತಳ್ಳಿದರು. ಮೌಸ್ ಮೇಜಿನ ಅಂಚಿಗೆ ಬಂದು ನಿಂತಿತು.

"ನಿಮ್ಮ ಮೇಜು ಸಣ್ಣದಾತು" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮತ್ತೊಂದು ಏಟಿಗೆ ವಧುವಿನ ಹೆಸರು ಹಾರಿ ಪತ್ರಿಕೆಯಿಂದ ಆಚೆ ಬಿತ್ತು. ಬಸವಕುಮಾರ್ ಅಂದು ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತಿದ. "ಅವ್ವಾ, ರಕ್ಷಾನೇ ಹೋದ್ಲು!"

ಮಧುಕುಮಾರ್ ಸಾರ್ ಗೋಡೆ ನೋಡುತ್ತಾ ನಿಂತಿದ್ದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆದರೆ ಜಗದಾಂಬಾರ ಮುಖ ನೋಡಿದರೆ ಬೆವೆತಿದೆ, ಕಣ್ಣಲ್ಲಿ ನಿಜವಾದ ಭಯ. ಸೊಸೆಯ ಹೆಸರು ಜಾರಿ ಬಿದ್ದದ್ದು ಅವರಿಗೆ ತಮಾಷೆಯಾಗಿರಲಿಲ್ಲ. ಪಾಪ ಅನಿಸಿತು. ಪಕ್ಕಕ್ಕೆ ಹೋಗಿ ಅವರ ಬಲಗೈ ಮೇಲೆ ನನ್ನ ಎಡಗೈ ಇಟ್ಟೆ. "ಬಡೀಬೇಡಿ ಆಂಟಿ. ಅಂಗೈ ಸಡಿಲ ಬಿಡಿ. ಈ ಬೆರಳು ಇಲ್ಲಿ, ಈ ಬೆರಳು ಇಲ್ಲಿ. ಸುಮ್ನೆ ಇಟ್ಕೊಳಿ." ಇಬ್ಬರ ಕೈಯೂ ಸೇರಿ ರಕ್ಷಾಳನ್ನು ಹುಡುಕಿ, ಮೆಲ್ಲಗೆ ಎಳೆದು ತಂದು ಬಸವಕುಮಾರನ ಪಕ್ಕ ನಿಲ್ಲಿಸಿದವು.

"ಈಗ್ಲೂ ನಿನ್ನ ಎಡಗೈಯೇ ಬಂತಲ್ಲವ್ವಾ" ಎಂದರು ಜಗದಾಂಬಾ, ಸೋತ ದನಿಯಲ್ಲಿ.

ಆಗ ಶಿವಬಸಪ್ಪನವರು ಕೆಮ್ಮಿದರು. "ಲೇ, ದಿನಾ ಮುಂಜಾನೆ ಲಿಂಗಪೂಜಿಗೆ ಕುಂದರ್ತಿಯಲ್ಲ. ಲಿಂಗ ಯಾವ ಕೈಯಾಗ ಇಟ್ಕಂತಿ?"

ಜಗದಾಂಬಾ ತಮ್ಮ ಎಡ ಅಂಗೈಯನ್ನು ಮೆಲ್ಲಗೆ ತಿರುಗಿಸಿ ನೋಡಿಕೊಂಡರು. ಚಿಕ್ಕಂದಿನಿಂದ ಇಷ್ಟಲಿಂಗ ಕೂತ ಅಂಗೈ ಅದು. ದೇವರಿಗೆ ಆ ಕೈ ಆಗುತ್ತದೆ, ಪತ್ರಿಕೆಗೆ ಆಗುವುದಿಲ್ಲವೇ? ಅವರ ಗಂಡ ಇಷ್ಟನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ, ಮತ್ತೆ ಬಾಯಿ ಮುಚ್ಚಿಕೊಂಡರು.

ಜಗದಾಂಬಾ ಕುರ್ಚಿ ಬಿಟ್ಟೆದ್ದರು. "ಕೂಡವ್ವಾ. ಎಡಗೈಲೇ ಮಾಡು. ಪೂರ್ತಿ ಎಡಗೈಲೇ ಮಾಡು."

ಕೆಲಸ ಉಳಿಯಿತು, ಕೈಯೂ ಉಳಿಯಿತು. ಅಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಆದರೆ ಜಗದಾಂಬಾ ಮನಸ್ಸು ಬದಲಿಸಿದರೆ ಅರ್ಧಂಬರ್ಧ ಬದಲಿಸುವವರಲ್ಲ. ಬಸವೇಶ್ವರನಗರದ ತಮ್ಮ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದರು. ರಾಜಾಜಿನಗರದಲ್ಲಿ ಒಬ್ಬ ಹುಡುಗಿ ಲಿಂಗ ಹಿಡಿಯುವ ಕೈಯಲ್ಲೇ ಪತ್ರಿಕೆ ಬರೆಯುತ್ತಾಳೆ, ಬಲು ಶ್ರೇಷ್ಠ. ಒಬ್ಬರ ಹಿಂದೆ ಒಬ್ಬರು ಬಂದರು. ವಿಜಯನಗರದಿಂದ ಬಂದರು, ಕೆಂಗೇರಿ ಉಪನಗರದಿಂದ ಮೆಟ್ರೋ ಹತ್ತಿ ಬಂದರು. ಎಲ್ಲರೂ ಮೊದಲು ನನ್ನ ಎಡಗೈ ಎಲ್ಲಿದೆ ಎಂದು ನೋಡುತ್ತಿದ್ದರು, ಆಮೇಲೆ ಕೂರುತ್ತಿದ್ದರು. ನನ್ನ ಎಡಗೈಯನ್ನು ಇಷ್ಟು ಜನ ನೋಡಿದರು, ಬಲಗೈ ಈಗ ಹೇಗಿದೆಯಮ್ಮ ಎಂದು ಒಬ್ಬರೂ ಕೇಳಲಿಲ್ಲ. ಅದರಿಂದ ನನಗೆ ನಿಜಕ್ಕೂ ನೋವಾಯಿತು, ಮಣಿಕಟ್ಟಿಗಿಂತ ಹೆಚ್ಚಾಗಿ.

ಬಲಗೈ ಸುಧಾರಿಸುವ ಹೊತ್ತಿಗೆ ಎಡಗೈ ಹಿಡಿದುಕೊಂಡಿತು.

ಲತಾ ಮೇಡಂ ಹಣೆ ಚಚ್ಚಿಕೊಂಡರು. "ಕೈ ಬದಲಾಯ್ಸಿದ್ರಿ, ಹಿಡಿಯೋ ಬುದ್ಧಿ ಬದಲಾಯ್ಸಿಲ್ಲ. ಅದೇ ಹಿಸುಕಾಟ! ಈ ವಾರ ಎರಡು ಕೈಗೂ ರಜ. ಮೌಸ್ ಮುಟ್ಟಿದ್ರೆ ನನ್ನ ಹತ್ರ ಬರ್ಬೇಡಿ."

ನಾನು ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಮಧುಕುಮಾರ್ ಸಾರ್ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ರೇವಣಸಿದ್ದಯ್ಯನವರು ಸಂಸಾರಸಮೇತ ಪ್ರತ್ಯಕ್ಷರಾದರು. ಜಗದಾಂಬಾರ ತಮ್ಮ, ಮಗಳ ಮದುವೆ. "ಎಡಗೈಲಿ ಮಾಡಿಕೊಡ್ತೀರಂತಲ್ಲ, ಅಕ್ಕ ಹೇಳಿದ್ಲು" ಎಂದರು.

ನಾನು ಎರಡೂ ಪಟ್ಟಿ ಮುಂದೆ ಚಾಚಿದೆ. ಅವರ ಮುಖ ಬಾಡಿತು. ಸಾರ್ ಮುಖ ಅದಕ್ಕಿಂತ ಬಾಡಿತು, ನನ್ನನ್ನು ನುಂಗುವಂತೆ ನೋಡಿದರು. ನಾನು ಗ್ರಾಹಕರ ಕಡೆ ತಿರುಗಿ ತುಂಬಾ ವಿನಯದಿಂದ ಹೇಳಿದೆ.

"ಇವತ್ತು ನಮ್ಮ ಸಾರೇ ಮಾಡ್ತಾರೆ. ಎಡಗೈಲೇ."

"ಯಜಮಾನರು ಸ್ವತಃ ಮಾಡ್ತಾರಾ!" ಎಂದು ರೇವಣಸಿದ್ದಯ್ಯನವರು ಕೈ ಮುಗಿದರು. "ನಮ್ಮ ಪುಣ್ಯ."

ಕೈ ಮುಗಿದವರಿಗೆ ಇಲ್ಲ ಅನ್ನುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರಂತೆ ಮಧುಕುಮಾರ್ ಸಾರ್ ನನ್ನ ಕುರ್ಚಿಯಲ್ಲಿ ಕೂತರು. ಎಡಗೈಯಲ್ಲಿ ಮೌಸ್ ಹಿಡಿದರು. ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದರು. ಸಡಿಲ ಬಿಡಿ ಸಾರ್, ಮಲಗಿರೋ ಮಗು ಅಂದ್ಕೊಳಿ ಎಂದೆ. ಕೇಳಿಸಿಕೊಳ್ಳಲಿಲ್ಲ. ಬೆನ್ನ ಹಿಂದೆ ಇಡೀ ಸಂಸಾರ ಕುರ್ಚಿ ಎಳೆದುಕೊಂಡಿತು. ಎಣ್ಣೆ ಬೆರಳುಗಳು ಪರದೆಗೆ ಬಂದವು. ದೊಡ್ಡಪ್ಪನನ್ನು ಎತ್ತಿ ಅಂದರು, ಸೋದರಮಾವನನ್ನು ಇಳಿಸಿ ಅಂದರು, ಮತ್ತೆ ದೊಡ್ಡಪ್ಪನನ್ನೇ ಎತ್ತಿ ಅಂದರು. ನಾನು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಟೀ ತರಿಸಿಕೊಂಡೆ.

ಸಂಜೆಯಾಯಿತು. ಪತ್ರಿಕೆ ಮುಗಿಯಿತು. ರೇವಣಸಿದ್ದಯ್ಯನವರು ಮತ್ತೊಮ್ಮೆ ಕೈ ಮುಗಿದು ಹೊರಟರು. ಪ್ರತಿಯಾಗಿ ಕೈ ಮುಗಿಯಲು ಹೋದ ಸಾರ್ "ಆಹ್" ಎಂದು ಎಡಗೈಯನ್ನು ಎದೆಗೆ ಅವುಚಿಕೊಂಡರು. ಹಾಗೇ ನನ್ನ ಹತ್ತಿರ ಬಂದರು.

"ರಮ್ಯ" ಎಂದರು, ಹೊಸದೇನನ್ನೋ ಕಂಡುಹಿಡಿದವರಂತೆ. "ಇದು ಬಹಳ ನೋಯುತ್ತಮ್ಮ!"

ನಾನು ಟೀ ಲೋಟ ಕೆಳಗಿಟ್ಟೆ.

"ಹೌದಾ ಸಾರ್?" ಎಂದೆ.